ಟಿಶಾರ್ಕ್ ಅಪ್‌ಡೇಟ್ ಆದರೂ ಸ್ಕ್ಯಾನರ್ ದೋಷ ತೋರಿಸುತ್ತಿದೆ

ಹಿಂಜವಡಿ ನೆಟ್: ಪುಣೆ ಆಫೀಸಿನ ಡೆಬಿಯನ್ ಲಿನಕ್ಸ್ ಸರ್ವರ್‌ನಲ್ಲಿ ಟಿಶಾರ್ಕ್ (ನೆಟ್‌ವರ್ಕ್ ಪ್ಯಾಕೆಟ್ ಹಿಡಿದು ಓದುವ ವೈರ್‌ಶಾರ್ಕ್‌ನ ಕಮಾಂಡ್‌ಲೈನ್ ರೂಪ) ಅಪ್‌ಡೇಟ್ ಮಾಡಿಯಾಯ್ತು. ಭದ್ರತಾ ದೋಷ ಹುಡುಕುವ ಸ್ಕ್ಯಾನರ್ ಮಾತ್ರ ಡಿಸೆಕ್ಟರ್ (ಒಂದೊಂದು ಪ್ರೋಟೋಕಾಲ್‌ನ ಪ್ಯಾಕೆಟ್ ಬಿಡಿಸಿ ಓದುವ ಭಾಗ) ಕ್ರ್ಯಾಶ್ ದೋಷ ಇನ್ನೂ ಇದೆ ಅನ್ನುತ್ತೆ. ಶುಕ್ರವಾರ ಆಡಿಟ್. ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕಾ?

ಕೋಥ್ರೂಡ್ ಕನ್ನಡಿಗ: ಬೇಡ ಮಾರಾಯ್ರೇ, ಆಮೇಲೆ ಪ್ರತಿ ಪ್ಯಾಚೂ ನಿಮ್ಮ ತಲೆಗೇ ಬರುತ್ತೆ. ಡೆಬಿಯನ್‌ನವರು ಎಷ್ಟೋ ಸಲ ಹಳೇ ಆವೃತ್ತಿಗೇ ತೇಪೆ ಹಾಕ್ತಾರೆ; ಬರೀ ಆವೃತ್ತಿ ಸಂಖ್ಯೆ ನೋಡುವ ಸ್ಕ್ಯಾನರ್‌ಗೆ ಅದು ತಿಳಿಯಲ್ಲ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) ಆ ದೋಷದ ಸಿವಿಇ ಸಂಖ್ಯೆ (ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಹುಡುಕಿ, ಸಿಕ್ಕರೆ ಆಡಿಟರ್‌ಗೆ ಅದೇ ಸಾಕ್ಷಿ. ಇನ್ನೊಂದು: ಡಿಸೆಕ್ಟರ್‌ಗಳಿರೋದು ಲಿಬ್‌ವೈರ್‌ಶಾರ್ಕ್ ಎಂಬ ಬೇರೆ ಪ್ಯಾಕೇಜಿನಲ್ಲಿ. ಅದೂ ಏರಿದೆಯಾ? ಏರಿದ್ದರೂ, ಮೊದಲಿನಿಂದ ಓಡುತ್ತಿರುವ ಟಿಶಾರ್ಕ್ ಮೆಮೊರಿಯಲ್ಲಿರೋದು ಹಳೇ ಲೈಬ್ರರಿಯೇ. ರೀಸ್ಟಾರ್ಟ್ ಮಾಡದೆ ಪ್ಯಾಚ್ ಹಾಕಿದ್ದು ವ್ಯರ್ಥ.

ಪ್ಯಾಕೆಟ್ ಪಾಟೀಲ: ಟಿಶಾರ್ಕನ್ನು ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ ಓಡಿಸ್ತಿದ್ದರೆ ಮೊದಲು ಅದನ್ನ ನಿಲ್ಲಿಸಿ. ಸಿ ಭಾಷೆಯ ಅಷ್ಟೊಂದು ಡಿಸೆಕ್ಟರ್‌ಗಳಲ್ಲಿ ಒಂದು ಬಫರ್ ಓವರ್‌ಫ್ಲೋ (ಮೀಸಲಿಟ್ಟ ಮೆಮೊರಿ ಮೀರಿ ಬರೆಯುವ ದೋಷ) ಸಾಕು, ಇಡೀ ಯಂತ್ರ ಕೈತಪ್ಪಬಹುದು. ಹಸಿ ಪ್ಯಾಕೆಟ್ ಹಿಡಿಯುವ ಅಧಿಕಾರ ಟಿಶಾರ್ಕ್ ಬಳಸುವ ಡಂಪ್‌ಕ್ಯಾಪ್ ಎಂಬ ಪುಟ್ಟ ಪ್ರೋಗ್ರಾಂಗಷ್ಟೇ ಬೇಕು: ವೈರ್‌ಶಾರ್ಕ್-ಕಾಮನ್ ಪ್ಯಾಕೇಜನ್ನು ರೀಕಾನ್ಫಿಗರ್ ಮಾಡಿ 'ಯೆಸ್' ಕೊಡಿ, ಯೂಸರನ್ನು ವೈರ್‌ಶಾರ್ಕ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಪ್ಯಾಚ್ ಬರುವವರೆಗೆ ದೋಷವಿರುವ ಪ್ರೋಟೋಕಾಲ್ ಒಂದನ್ನೇ ಡಿಸೇಬಲ್ ಮಾಡಬಹುದು. ಮೇಲ್‌ನಲ್ಲಿ ಬಂದ ಪಿಕ್ಯಾಪ್ (ಹಿಡಿದಿಟ್ಟ ಪ್ಯಾಕೆಟ್‌ಗಳ) ಫೈಲ್ ತೆರೆದರೂ ಅಷ್ಟೇ ಅಪಾಯ.

ಹಿಂಜವಡಿ ನೆಟ್: ಚೇಂಜ್‌ಲಾಗ್‌ನಲ್ಲಿ ಸಿವಿಇ ಇದೆ, ಲೈಬ್ರರಿಯೂ ಹೊಸದೇ. ಸರ್ವಿಸ್ ಮಾತ್ರ ರೀಸ್ಟಾರ್ಟ್ ಆಗಿರಲಿಲ್ಲ.