ಮದುವೆಯಾಗದ ಅಪ್ಪನಿಗೆ ಮಗುವಿನ ಮೇಲೆ ಏನು ಹಕ್ಕಿದೆ?

ಕೇಳಿದವರು, ಬೇಲೂರು: ನಮಗೆ ಮದುವೆ ಆಗಿಲ್ಲ. ಮಗನಿಗೆ ಮೂರು ವರ್ಷ, ಜನನ ಪತ್ರದಲ್ಲಿ ನನ್ನ ಹೆಸರಿದೆ. ಆಕೆ ಮಗುವಿನೊಂದಿಗೆ ಕಡೂರಿನ ತವರಿನಲ್ಲಿದ್ದಾರೆ, ನೋಡಲು ಬಿಡುತ್ತಿಲ್ಲ. ಮದುವೆಯಾದ ನಮ್ಮಣ್ಣನದೂ ಇದೇ ಪಾಡು. ಇಬ್ಬರಿಗೂ ಕಾನೂನು ಒಂದೇನಾ?

ಹಾಸನದಿಂದ: ಒಂದೇ ಅಲ್ಲ ಸಾರ್. ಹಿಂದೂಗಳಿಗೆ 1956ರ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೇ ಕಲಂ. ಮದುವೆಯೊಳಗೆ ಹುಟ್ಟಿದ ಮಗುವಿಗೆ ಅಪ್ಪ ಸಹಜ ಪಾಲಕ (ಕಾನೂನೇ ಗುರುತಿಸುವ ಪಾಲಕ), ಆಮೇಲೆ ಅಮ್ಮ. (‘ಆಮೇಲೆ’ ಅಂದರೆ ಅಪ್ಪ ಸತ್ತ ಮೇಲೆ ಅಂತಲೇ ಅಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಿಡಿಸಿ ಹೇಳಿದೆ.) ಮದುವೆಯಿಲ್ಲದೆ ಹುಟ್ಟಿದರೆ ಸರದಿ ತಿರುಗುಮುರುಗು: ಮೊದಲು ಅಮ್ಮ, ಆಮೇಲೆ ಅಪ್ಪ. ಜನನ ಪತ್ರ ನೀವು ಅಪ್ಪ ಅನ್ನುವುದಕ್ಕೆ ಪುರಾವೆ ಅಷ್ಟೇ, ಪಾಲಕತ್ವ ಅದರಿಂದ ಬರುವುದಿಲ್ಲ. ಅಣ್ಣನ ಮಗುವಿಗೂ ಐದು ತುಂಬದಿದ್ದರೆ ಸಾಮಾನ್ಯವಾಗಿ ಅಮ್ಮನ ಬಳಿಯೇ.

ಚಿಕ್ಕಮಗಳೂರಿನಿಂದ: ಹೆಚ್ಚಿನವರು ಎಡವುವುದು ಕೋರ್ಟಿನ ವ್ಯಾಪ್ತಿಯಲ್ಲಿ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್) 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿಗೆ ಹೋಗಬೇಕು. ನೀವು ಬೇಲೂರಿನವರು ಅಂತ ಹಾಸನದಲ್ಲಿ ಹಾಕಿದರೆ ಮೊದಲ ತಕರಾರೇ ಅದು, ಒಂದು ವರ್ಷ ಅದರಲ್ಲೇ ಕಳೆದೀತು. ಕಡೂರು ನಮ್ಮ ಜಿಲ್ಲೆ, ಇಲ್ಲಿ ಹಾಕಿ. ಮಗು ಮೊನ್ನೆಮೊನ್ನೆ ಹೋಗಿದ್ದರೆ ಮಾತ್ರ ವಾದಕ್ಕೆ ಜಾಗವಿದೆ. ಮಗು ಎಲ್ಲಿ ವಾಸವಿದೆ ಎನ್ನುವುದಕ್ಕೆ ಅಂಗನವಾಡಿ ಹಾಜರಿ, ತಾಯಿ ಕಾರ್ಡ್‌ನ ಲಸಿಕೆ ಪುಟ ಜೋಡಿಸಿಡಿ.

ಎರಡನೆಯದು, ಅದೇ ಕಾಯ್ದೆಯ 25ನೇ ಕಲಮಿನಡಿ ‘ಮಗುವನ್ನು ವಾಪಸ್ ಕೊಡಿಸಿ’ ಅಂತ ಹೋಗಬೇಡಿ. ‘ಇವರು ಪಾಲಕರೇ ಅಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 7ನೇ ಕಲಮಿನಲ್ಲಿ ಮಗುವಿನ ಭೇಟಿಯ ವಿಷಯವೂ ಸೇರಿದೆ. ಅದನ್ನೇ ಕೇಳಿ, ಜೊತೆಗೆ ಕೇಸು ಮುಗಿಯುವವರೆಗಿನ ಭೇಟಿಗೆ ಮಧ್ಯಂತರ ಅರ್ಜಿ ಹಾಕಿ.

ಕೇಳಿದವರು: ನಾನು ಅಪ್ಪನೇ ಅಲ್ಲ ಅಂತ ಆಕೆ ಅಂದುಬಿಟ್ಟರೆ?

ಹಾಸನದಿಂದ: ಡಿಎನ್‌ಎ ಪರೀಕ್ಷೆಗೆ ಕೇಳಬಹುದು, ಕೋರ್ಟ್ ಕೇಳಿದ ತಕ್ಷಣ ಕೊಡುವುದಿಲ್ಲ. ಆಕೆಗೆ ಬೇರೊಬ್ಬರೊಂದಿಗೆ ಮದುವೆ ಇದ್ದಾಗ ಮಗು ಹುಟ್ಟಿದ್ದರೆ ಇನ್ನೂ ಕಷ್ಟ, ಕಾನೂನು ಆ ಗಂಡನನ್ನೇ ಅಪ್ಪ ಎಂದು ಹಿಡಿಯುತ್ತದೆ. ಒಂದು ಎಚ್ಚರ: ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಜೀವನಾಂಶ ಕೊಡಬೇಕು. ಜೀವನಾಂಶದ ಕೇಸಿನಲ್ಲಿ ‘ನನ್ನ ಮಗುವಲ್ಲ’, ಭೇಟಿಯ ಕೇಸಿನಲ್ಲಿ ‘ನನ್ನ ಮಗ’ ಅಂದರೆ ಎರಡೂ ಕಡೆ ಕೆಡುತ್ತದೆ. ದುಡ್ಡು ಕೈಗೆ ಕೊಡಬೇಡಿ, ಬ್ಯಾಂಕಿಗೆ ಹಾಕಿ.

ಅರಸೀಕೆರೆಯಿಂದ: ಅಣ್ಣನ ವಿಚ್ಛೇದನ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅದರಲ್ಲೇ ಅರ್ಜಿ ಹಾಕಲಿ, ಬೇರೆ ಕೇಸು ಬೇಡ. ಮತ್ತೆ, ಇಬ್ಬರೂ ಮಗುವನ್ನು ಎತ್ತಿಕೊಂಡು ಬರುವ ಯೋಚನೆ ಬಿಡಿ. ಮಗುವಿನ ಹಿತವೇ ಮೊದಲು ಅನ್ನುವ ನ್ಯಾಯಾಧೀಶರ ಮುಂದೆ ಆಮೇಲೆ ತಲೆ ಎತ್ತಲಾಗುವುದಿಲ್ಲ.

ಚಿಕ್ಕಮಗಳೂರಿನಿಂದ: ಅರ್ಜಿಯಲ್ಲಿ ‘ಭೇಟಿಗೆ ಅವಕಾಶ ಕೊಡಿ’ ಅಂತ ಮೊಟಕಾಗಿ ಬರೆಸಬೇಡಿ. ‘2 ಮತ್ತು 4ನೇ ಶನಿವಾರ, ಬೆಳಿಗ್ಗೆ 10ರಿಂದ 12.30, ಕಡೂರಿನಲ್ಲೇ, ಅಜ್ಜಿ ಎದುರಿದ್ದರೂ ಸರಿ. ವಾರಕ್ಕೆ ಮೂರು ದಿನ ಹತ್ತು ನಿಮಿಷ ವಿಡಿಯೊ ಕರೆ’ ಎಂದು ಬರೆಸಿ. ಮೂರು ವರ್ಷದ ಮಗು ಮಧ್ಯಾಹ್ನ ಮಲಗುತ್ತದೆ, ಬೇಲೂರಿಗೆ ಕಳಿಸಿ ಅಂದರೆ ಬಸ್ಸಿನಲ್ಲೇ ಅಳುತ್ತದೆ. ವಕೀಲರ ಖರ್ಚಿಗೆ ಕಷ್ಟವಾದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.