ಹತ್ತಿರ ಹೋದರೆ ಹಾರಿಹೋಗುವ ಬೇಟೆಹಕ್ಕಿಗಳ ಚಿತ್ರ ತೆಗೆಯುವುದು ಹೇಗೆ?

ಪ್ರಶ್ನೆ

ಎರಡು ವರ್ಷಗಳಿಂದ ಬಿಡುವು ಸಿಕ್ಕಾಗಲೆಲ್ಲ ಹಕ್ಕಿಗಳನ್ನು ನೋಡುತ್ತ ಬಂದಿದ್ದೇನೆ. ಈಚೆಗೆ 400 ಮಿ.ಮೀ. ಲೆನ್ಸ್ ಕೊಂಡ ಮೇಲೆ ಹದ್ದು, ಗಿಡುಗ, ಚಾಣಗಳ ಕಡೆಗೇ ಮನಸ್ಸು ಎಳೆಯುತ್ತಿದೆ. ಆದರೆ ಒಣಮರದ ತುದಿಯಲ್ಲಿ ಕುಳಿತ ಹಕ್ಕಿಯ ಬಳಿಗೆ ಎಷ್ಟೇ ಮೆಲ್ಲಗೆ ನಡೆದರೂ ನಾನು ಕ್ಯಾಮೆರಾ ಎತ್ತುವ ಮೊದಲೇ ಅದು ಹಾರಿಹೋಗುತ್ತದೆ. ಬಾನಿನಲ್ಲಿ ಸುತ್ತುವಾಗ ತೆಗೆದ ಚಿತ್ರಗಳಲ್ಲಿ ಬರೀ ಕಪ್ಪು ಆಕೃತಿ ಮೂಡುತ್ತದೆ. ಇನ್ನೂ ದೊಡ್ಡ ಲೆನ್ಸ್ ಕೊಳ್ಳುವುದೊಂದೇ ದಾರಿಯೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1

ಲೆನ್ಸಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹಕ್ಕಿಯನ್ನು ಕಾಣುವುದಕ್ಕೆ ಬಹಳ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ಆದ್ದರಿಂದ ಅದರ ಬಳಿಗೆ ಹೋಗುವುದನ್ನು ಬಿಟ್ಟು, ಅದು ಬರುವ ಜಾಗದಲ್ಲಿ ಮೊದಲೇ ಹೋಗಿ ಕುಳಿತುಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಬೇಟೆಹಕ್ಕಿಗಳು ಮೆಚ್ಚಿದ ಕೊಂಬೆಗೆ ಮತ್ತೆ ಮತ್ತೆ ಮರಳುತ್ತವೆ. ಅಂಥ ಕೊಂಬೆಯ ಕೆಳಗೆ ಸುಣ್ಣ ಚೆಲ್ಲಿದಂತೆ ಬಿಳಿಯ ಹಿಕ್ಕೆಯೂ, ಜೀರ್ಣವಾಗದ ಕೂದಲು, ಗರಿ, ಎಲುಬಿನ ಚೂರುಗಳು ಸೇರಿದ ಒಣ ಉಂಡೆಗಳೂ ಬಿದ್ದಿರುತ್ತವೆ. ಕೆಲವು ದಿನ ಕ್ಯಾಮೆರಾ ಇಲ್ಲದೆ, ದೂರದಿಂದ ದುರ್ಬೀನಿನಲ್ಲಿ ಮಾತ್ರ ನೋಡಿ, ಹಕ್ಕಿ ಬರುವ ಹೊತ್ತನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಅದು ಬರುವ ಮುನ್ನವೇ ಪೊದೆಗೆ ಬೆನ್ನು ಕೊಟ್ಟು ಕುಳಿತುಬಿಡಿ. ನಿಲ್ಲಿಸಿದ ಕಾರಿನೊಳಗಿದ್ದರಂತೂ ಅನೇಕ ಹಕ್ಕಿಗಳು ಮನುಷ್ಯನನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ.

ಹಕ್ಕಿಯ ಮೈಯನ್ನು ಓದಲು ಕಲಿಯುವುದು ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅನಿಸಿಕೆ. ಗರಿ ಸಡಿಲಿಸಿ, ಒಂದು ಕಾಲನ್ನು ಹೊಟ್ಟೆಯೊಳಗೆ ಮಡಚಿಕೊಂಡಿದ್ದರೆ ಅದು ನೆಮ್ಮದಿಯಿಂದಿದೆ. ಗರಿಗಳನ್ನು ಮೈಗೆ ಬಿಗಿದು, ಕತ್ತು ನೀಳವಾಗಿಸಿ, ನಿಮ್ಮನ್ನೇ ದಿಟ್ಟಿಸತೊಡಗಿದರೆ ನೀವು ಆಗಲೇ ಮಿತಿ ದಾಟಿದ್ದೀರಿ. ಅಲ್ಲೇ ನಿಂತು, ಮೆಲ್ಲಗೆ ಹಿಂದೆ ಸರಿಯಿರಿ. ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಅನೇಕ ಸಲ ಮರುಕ್ಷಣವೇ ಹಾರುತ್ತದೆ. ಹಾರುವಾಗ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುವುದರಿಂದ, ಗಾಳಿಯೂ ಬಿಸಿಲೂ ನಿಮ್ಮ ಬೆನ್ನ ಹಿಂದಿರುವಂತೆ ಕುಳಿತರೆ, ಮೊಗದ ಮೇಲೆ ಬೆಳಕು ಬಿದ್ದ ಹಕ್ಕಿ ನಿಮ್ಮತ್ತಲೇ ಬರುವ ಸಾಧ್ಯತೆ ಹೆಚ್ಚು.

ಉತ್ತರ 2

ಕಪ್ಪು ಆಕೃತಿಯ ಬಗ್ಗೆ ಒಂದೆರಡು ಮಾತು. ಬೆಳ್ಳನೆಯ ಆಕಾಶವನ್ನು ಅಳೆದು ಕ್ಯಾಮೆರಾ ಬೆಳಕನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಕ್ಯಾಮೆರಾ ಪಡೆಯುವ ಬೆಳಕನ್ನು, ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ ನೋಡಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು). ಹಾರುವ ಹಕ್ಕಿ ಮಸುಕಾಗದಂತೆ ಷಟರ್ ವೇಗ 1/2000 ಸೆಕೆಂಡಿನ ಆಸುಪಾಸಿನಲ್ಲಿರಲಿ. ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದ ಮೇಲೆ ಹದ್ದುಗಳು ಅದನ್ನೇರಿ ಬಹಳ ಎತ್ತರಕ್ಕೆ ಹೋಗುತ್ತವೆ, ಜೊತೆಗೆ ಬಿಸಿಲ ಝಳದಿಂದ ದೂರದ ಚಿತ್ರ ಕದಡಿಹೋಗುತ್ತದೆ. ಆ ಹೊತ್ತಿನಲ್ಲಿ ಎಷ್ಟು ದೊಡ್ಡ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ಬೆಳಗಿನ ಓರೆಬಿಸಿಲು ರೆಕ್ಕೆಯ ಅಡಿಯನ್ನೂ ಬೆಳಗಿಸುತ್ತದೆ.

ಆದರೂ ಆ ಕಪ್ಪು ಚಿತ್ರಗಳನ್ನು ಅಳಿಸಬೇಡಿ. ಕವಲೊಡೆದ ಬಾಲವಿದ್ದರೆ ಕರಿಹದ್ದು ಇರಬಹುದು. ಚೂಪಾದ ರೆಕ್ಕೆಗಳು ಚಾಣದ ಗುಂಪಿನವು. ಮೊಂಡು ರೆಕ್ಕೆ, ಉದ್ದ ಬಾಲ ಶಿಕ್ರಾದಂಥ ಗಿಡುಗಗಳವು. ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ತಲೆಯನ್ನು ಮಾತ್ರ ಅಲುಗಿಸದೆ ನೆಲವನ್ನೇ ನೋಡುವ ಹಕ್ಕಿ ಕಂಡರೆ ಅದು ಚಾಣದ ಗುಂಪಿನದೇ ಆದ ಕೆಸ್ಟ್ರೆಲ್ ಇದ್ದೀತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನನಗೊಂದು ಗೂಡು ಗೊತ್ತಿದೆ. ಹಕ್ಕಿ ಹೇಗೂ ಅಲ್ಲಿಗೆ ಬರುವುದರಿಂದ ಅಲ್ಲಿಯೇ ಕಾಯಬಹುದೇ?

ಉತ್ತರ 1

ದಯವಿಟ್ಟು ಬೇಡ. ತಾಯಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಗರಿ ಮೂಡದ ಮರಿ ಬಿಸಿಲಿಗೆ ಬಳಲುತ್ತದೆ, ಆ ಅವಕಾಶಕ್ಕಾಗಿ ಕಾಗೆಗಳು ಕಾದಿರುತ್ತವೆ. ಚಿತ್ರಕ್ಕಾಗಿ ಆಹಾರದ ಆಸೆ ತೋರಿಸುವುದೂ ಸಲ್ಲದು. ಗೂಡಿನ ಜಾಗವನ್ನು ಯಾರಿಗೂ ಹೇಳಬೇಡಿ. ಚಿತ್ರ ಹಂಚುವ ಮುನ್ನ ಅದರಲ್ಲಿ ಅಡಗಿರುವ ಸ್ಥಳದ ಗುರುತನ್ನು ತೆಗೆದುಹಾಕಿ. ಮರಿಗಳು ರೆಕ್ಕೆ ಬಲಿತು ಗೂಡು ಬಿಟ್ಟ ಮೇಲೂ ಕೆಲವು ವಾರ ಅದೇ ಸುತ್ತಿನಲ್ಲಿ ಹಾರಾಟ ಕಲಿಯುತ್ತಿರುತ್ತವೆ. ನಿಮ್ಮ 400 ಮಿ.ಮೀ. ಲೆನ್ಸಿನೊಡನೆ ದೂರದಲ್ಲಿ ಕಾಯಲು ಅದು ಒಳ್ಳೆಯ ಕಾಲ.