ಹೆಚ್ಚುವರಿ ಟೊಮೆಟೊ ಸಸಿ ಕಿತ್ತ ಮೇಲೆ ಉಳಿದವು ಬಾಡ್ತಿವೆ

ಪ್ರಶ್ನೆ: 8 ಇಂಚಿನ ಕುಂಡ, ಕೊಕೊಪೀಟ್ ಮತ್ತು ಎರೆಗೊಬ್ಬರ. ಒಂದು ಚಿಟಿಕೆ ನಾಟಿ ಬೀಜ ಉದುರಿಸಿದ್ದಕ್ಕೆ ಸುಮಾರು 40 ಸಸಿ ಎದ್ದವು. ಮೊಳೆತು 12 ದಿನ. ನಿನ್ನೆ 15 ಕಿತ್ತೆ. ಇವತ್ತು ಮಧ್ಯಾಹ್ನ ಉಳಿದವೂ ತಲೆ ಬಾಗಿಸಿವೆ, ಮೂರು ಅಡ್ಡಬಿದ್ದಿವೆ. ಉಳಿಸಬಹುದಾ?

ಉತ್ತರ 1: ತಲೆ ಬಾಗಿಸಿದವು ಉಳಿಯುತ್ತವೆ. 12 ದಿನಕ್ಕೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಎಳೆದರೆ ಪಕ್ಕದ್ದರ ಎಳೆಬೇರೂ ಹರಿಯುತ್ತೆ. ಎರಡು ಮೂರು ದಿನ ನೆರಳಲ್ಲಿಡಿ, ಗೊಬ್ಬರ ಕೊಡಬೇಡಿ. ಸಂಜೆ ತಲೆ ಎತ್ತಿದರೆ ಬೇರು ಸುಧಾರಿಸಿಕೊಳ್ತಿದೆ ಅಂತ ಅರ್ಥ.

ಇನ್ನು ಮುಂದೆ ಕೀಳಬೇಡಿ, ಕತ್ತರಿಸಿ. ಉಗುರು ಕತ್ತರಿ ಸಾಕು. ಬೀಜದೆಲೆಯ (ಮೊಳೆತಾಗ ಮೊದಲು ಬರೋ ಜೋಡಿ ಎಲೆ) ಕೆಳಗೆ, ಮಣ್ಣಿಗೆ ತಾಗಿದಂತೆ. ಬೀಜದೆಲೆ ಬಿಟ್ಟು ಮೇಲೆ ಕತ್ತರಿಸಿದರೆ ಅದರ ಕಂಕುಳಿಂದ ಮತ್ತೆ ಚಿಗುರುತ್ತೆ, ಮಾಡಿದ ಕೆಲಸ ದಂಡ. ಸಸಿಯಿಂದ ಸಸಿಗೆ ಎರಡು ಇಂಚು ಸಿಗಬೇಕು, ಅಂದರೆ ನಿಮ್ಮ ಕುಂಡದಲ್ಲಿ ಹತ್ತು ಹನ್ನೆರಡೇ ಉಳಿಯೋದು. ಎತ್ತರದ್ದನ್ನಲ್ಲ, ಗಿಡ್ಡಗೆ ದಪ್ಪ ಕಾಂಡ ಇರೋದನ್ನ ಆರಿಸಿ. ಎತ್ತರಕ್ಕೆ ಹೋದದ್ದು ಬೆಳಕಿಗೆ ತಡಕಾಡಿದ್ದು.

ಉತ್ತರ 2: ಅಡ್ಡಬಿದ್ದ ಮೂರರ ಬುಡ ಹೇಗಿದೆ? ಅದು ಬೇರೆಯೇ ಕಥೆ ಇರಬಹುದು.

ಪ್ರಶ್ನೆ ಕೇಳಿದವರು: ಮಣ್ಣಿನ ಮಟ್ಟದಲ್ಲಿ ಕಂದು ಬಣ್ಣ, ದಾರದಷ್ಟು ಸಣ್ಣ. ಎಲೆ ಇನ್ನೂ ಹಸಿರು.

ಉತ್ತರ 2: ಹಾಗಾದರೆ ಬುಡ ಕೊಳೆ ರೋಗ. ಒತ್ತೊತ್ತಾದ ಸಸಿ, ಗಾಳಿಯಾಡದ ಜಾಗ, ಸದಾ ಒದ್ದೆಯಿರುವ ಕೊಕೊಪೀಟ್, ಈ ಶಿಲೀಂಧ್ರಕ್ಕೆ ಇದಕ್ಕಿಂತ ಇನ್ನೇನು ಬೇಕು. ಬಿದ್ದವು ಬದುಕಲ್ಲ. ಸುತ್ತಲಿನ ಒಂದು ಚಮಚ ಮಿಶ್ರಣದ ಸಮೇತ ತೆಗೆದು ಬಿಸಾಡಿ, ಕಾಂಪೋಸ್ಟ್‌ಗೆ ಹಾಕಬೇಡಿ. ಉಳಿದವುಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ ಪುಡಿ) ಬೆರೆಸಿ ಹುಯ್ಯಿರಿ. ಅದರ ಜೊತೆಗೇ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕೋ ಉಪಕಾರಿ ಶಿಲೀಂಧ್ರ) ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲುತ್ತೆ. ಮೇಲ್ಪದರ ಒಣಗಿದ ಮೇಲಷ್ಟೇ ಬೆಳಿಗ್ಗೆ ನೀರು.

ಪ್ರಶ್ನೆ ಕೇಳಿದವರು: ಆರೋಗ್ಯವಾಗಿರೋದನ್ನ ಕತ್ತರಿಸೋಕೆ ಮನಸ್ಸೇ ಬರ್ತಿಲ್ಲ. ಬೇರೆ ಕಡೆ ನೆಡಬಹುದಲ್ಲ?

ಉತ್ತರ 1: ಈ ಕುಂಡದಿಂದ ಬೇಡ, ರೋಗವನ್ನೂ ಜೊತೆಗೆ ನೆಟ್ಟಂತಾಗುತ್ತೆ. ಅರ್ಕಾ ರಕ್ಷಕ್‌ನಂಥ ದುಬಾರಿ ಹೈಬ್ರಿಡ್ ಬೀಜವಾದರೆ ಮೊದಲೇ ಪ್ರೋಟ್ರೇಯಲ್ಲಿ (ಸಸಿ ಬೆಳೆಸೋ ಕುಳಿಗಳ ಪ್ಲಾಸ್ಟಿಕ್ ತಟ್ಟೆ) ಕುಳಿಗೊಂದು ಹಾಕಿ, ಈ ಸಂಕಟವೇ ಇರಲ್ಲ. ಉದುರಿಸಿಯೇ ಬೆಳೆಸೋದಾದರೆ ಬೀಜದೆಲೆಯ ನಂತರ ಬರೋ ಮೊದಲ ನಿಜ ಎಲೆ ಇಣುಕುವಾಗಲೇ ಬಿಡಿಸಿ. ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಊದುಬತ್ತಿ ಕಡ್ಡಿಯಿಂದ ಬುಡದ ಕೆಳಗಿನಿಂದ ಮೀಟಿ ಎತ್ತಿ. ಹಿಡಿಯೋದು ಬೀಜದೆಲೆಯನ್ನ, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತೆ, ಕಾಂಡ ಜಜ್ಜಿದರೆ ಸಸಿ ಹೋಯ್ತು. ಬೀಜದೆಲೆಯವರೆಗೂ ಹೂತು ನೆಡಿ, ಹೂತ ಕಾಂಡದಿಂದ ಹೊಸ ಬೇರು ಬರುತ್ತೆ.